ಹಿಂದಿನ ಸೀಟಿನ ತೀರ್ಪು

ನನ್ನ ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹಾಕದೆ ಯಾವ ಕಾರೂ ಭಾವನ ಶೆಡ್ಡಿನಿಂದ ಗಿರಾಕಿಯ ಕೈಗೆ ಹೋದದ್ದಿಲ್ಲ. ಭಾವ ಕಾರುಗಳ ಎಸಿ ರಿಪೇರಿ ಮಾಡುವವರು. ಅಕ್ಕ ಅದೇ ಶೆಡ್ಡಿನ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಸೀಟ್ ಕವರ್ ಹೊಲಿಯುವವಳು. ನಾನು ಪಕ್ಕದ ಶೆಡ್ಡಿನಲ್ಲಿ ಜಜ್ಜಿಹೋದ ಕಾರುಗಳ ತಗಡು ತಟ್ಟಿ ಬಣ್ಣ ಹೊಡೆಯುವವನು. ಎರಡು ಶೆಡ್ಡಿಗೂ ನಡುವೆ ಇರುವುದು ಒಂದು ತಗಡಿನ ಗೋಡೆ. ಆ ಕಡೆ ಸೀನಿದರೆ ಈ ಕಡೆ ಕೇಳುತ್ತದೆ. ಅವರ ಸಂಸಾರದ ವಿಷಯ ನನಗೆ ಗೊತ್ತಿರುವಷ್ಟು ಅವರಿಗೇ ಗೊತ್ತಿತ್ತೋ ಇಲ್ಲವೋ ಅನ್ನುವ ಅನುಮಾನ ನನಗೆ ಮೊದಲಿನಿಂದಲೂ ಇತ್ತು.

ಬೀದಿಯವರು ಭಾವನಿಗೆ ಇಟ್ಟ ಹೆಸರು ತಂಪಣ್ಣ. ಆ ಮನುಷ್ಯನಲ್ಲಿ ತಂಪಾದದ್ದು ಅಂತ ಏನೂ ಇಲ್ಲ, ಅದಕ್ಕೇ ಆ ಹೆಸರು. ಕೋಪ ಸದಾ ಮೂಗಿನ ತುದಿಯಲ್ಲೇ. ಗಿರಾಕಿ ಬಂದು "ಸ್ವಲ್ಪ ಗ್ಯಾಸ್ ತುಂಬಿಸಿಕೊಡಿ" ಅಂದರೆ ಸಾಕು, ಶುರು.

"ಗ್ಯಾಸ್ ಏನು ಪೆಟ್ರೋಲಾ ಸ್ವಾಮಿ, ಓಡಿಸಿದ ಹಾಗೆಲ್ಲ ಖಾಲಿ ಆಗೋಕೆ? ಕಡಿಮೆ ಆಗಿದೆ ಅಂದ್ರೆ ಎಲ್ಲೋ ಸೋರಿದೆ. ತೂತು ಬಿಂದಿಗೆಗೆ ಎಷ್ಟು ಸಲ ನೀರು ತುಂಬ್ತೀರಿ?"

ಗಿರಾಕಿ ಬೆಪ್ಪಾಗಿ ನಿಲ್ಲುತ್ತಾನೆ. ಮೂಲೆಯಿಂದ ಅಕ್ಕ ಹೊಲಿಗೆ ನಿಲ್ಲಿಸದೆಯೇ "ಕೂತ್ಕೊಳ್ಳಿ, ಅವರು ಬಯ್ಯೋದು ಹಾಗೇ, ಕೆಲಸ ಚೆನ್ನಾಗಿ ಮಾಡ್ತಾರೆ" ಅನ್ನುತ್ತಾಳೆ. ಶೆಡ್ಡು ಇಷ್ಟು ವರ್ಷ ಮುಚ್ಚದೆ ಉಳಿದಿರುವುದು ಈ ಮಾತಿನಿಂದ ಅಂತ ನನ್ನ ನಂಬಿಕೆ.

ಕೆಲಸ ಮಾತ್ರ ನಿಜಕ್ಕೂ ಅಚ್ಚುಕಟ್ಟು. ಮೊದಲು ಬಾನೆಟ್ ಎತ್ತಿ, ಎಸಿ ಹಾಕಿ, ಕಂಪ್ರೆಸರ್ 'ಟಕ್' ಅಂತ ಕಚ್ಚಿಕೊಳ್ಳುವ ಸದ್ದಿಗೆ ಕಿವಿಗೊಡುತ್ತಾರೆ. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಆಮೇಲೆ ಮುಂದಿನ ಕಂಡೆನ್ಸರಿನ ಜಾಲರಿಯಲ್ಲಿ ಸತ್ತು ಅಂಟಿದ ಹುಳಗಳನ್ನೂ ಕೆಸರನ್ನೂ ಮೆಲ್ಲಗೆ ನೀರು ಬಿಟ್ಟು ತೊಳೆಯುತ್ತಾರೆ. ಜೋರಾಗಿ ಬಿಟ್ಟರೆ ಅದರ ತೆಳು ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಪೈಪಿನ ಸಂದುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೋ ಅಂತ ಕಾಯುತ್ತಾರೆ. ಡ್ಯಾಶ್‌ಬೋರ್ಡಿನ ಹಿಂದಿನ ಫಿಲ್ಟರ್ ಎಳೆದು ಕೊಡವುತ್ತಾರೆ. ಒಣಗಿದೆಲೆ, ಇಲಿಯ ಕೂದಲು, ಒಮ್ಮೆ ಒಂದು ಮಗುವಿನ ಕಾಲುಚೀಲವೂ ಬಂದಿತ್ತು. ಕೊನೆಗೆ ನೀಲಿ ಗೇಜು, ಕೆಂಪು ಗೇಜು ಎರಡನ್ನೂ ಸಿಕ್ಕಿಸಿ ಒತ್ತಡ ನೋಡಿ, ಕಾರಿನ ಹೊಟ್ಟೆಯ ಕೆಳಗೆ ನೀರು ತೊಟ್ಟಿಕ್ಕುತ್ತಿದೆಯೇ ಅಂತ ಬಗ್ಗಿ ನೋಡುತ್ತಾರೆ. ನೀರು ಬಿದ್ದಿರಬೇಕು, ಬಿದ್ದಿದ್ದರೆ ಒಳಗೆ ತಂಪು ಹುಟ್ಟುತ್ತಿದೆ ಅಂತ ಅರ್ಥ. "ಕೂಸು ಉಚ್ಚೆ ಹೊಯ್ದಿದೆ, ಆರೋಗ್ಯವಾಗಿದೆ" ಅನ್ನುವುದು ಭಾವನಿಗೆ ಗೊತ್ತಿರುವ ಒಂದೇ ಒಂದು ಜೋಕು.

ಬೇರೆಯವರ ಶೆಡ್ಡಿನಲ್ಲಾದರೆ ಕೆಲಸ ಅಲ್ಲಿಗೆ ಮುಗಿಯಿತು. ಭಾವ ಮಾತ್ರ ಕೈ ಒರೆಸಿಕೊಂಡು ಮೂಲೆಯ ಕಡೆ ತಿರುಗಿ "ಬಾರೇ" ಅನ್ನುತ್ತಾರೆ. ಅಕ್ಕ ದಾರ ಕಚ್ಚಿ ತುಂಡು ಮಾಡಿ ಎದ್ದು ಹೋಗಿ ಹಿಂದಿನ ಸೀಟಿನಲ್ಲಿ ಕೂರುತ್ತಾಳೆ.

ಇದು ಶುರುವಾದದ್ದು ಅವರ ಮದುವೆಯ ಹೊಸತರಲ್ಲಿ. ಭಾವ ರಿಪೇರಿ ಮಾಡಿ ಕಳಿಸಿದ ಕಾರಿನಿಂದ ಒಬ್ಬ ಅಜ್ಜಿ ಇಳಿದು ಬಂದು ಬೀದಿಯೆಲ್ಲ ಕೇಳುವ ಹಾಗೆ ಬಯ್ದರಂತೆ. "ಮುಂದೆ ಕೂತ ನನ್ನ ಮಗನಿಗೆ ನೆಗಡಿ ಆಗಿದೆ, ಹಿಂದೆ ಕೂತ ನಾನು ಗೆಣಸು ಬೆಂದ ಹಾಗೆ ಬೆಂದೆ. ಇದೆಂಥ ರಿಪೇರಿನಯ್ಯ?" ಗೇಜುಗಳಲ್ಲಿ ಏನೂ ತಪ್ಪಿರಲಿಲ್ಲ. ಆ ಹೊತ್ತಿಗೆ ಊಟದ ಡಬ್ಬಿ ತಂದಿದ್ದ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಭಾವ ಒಂದು ಸುತ್ತು ಹೋದರು. "ಕಾಲಿಗೆ ತಣ್ಣಗಿದೆ, ಮುಖಕ್ಕೆ ಬಿಸಿ ಗಾಳಿ ಬರ್ತಿದೆ" ಅಂದಳಂತೆ ಅಕ್ಕ. ಡ್ಯಾಶ್‌ಬೋರ್ಡ್ ಬಿಚ್ಚಿ ನೋಡಿದರೆ, ಬಿಸಿ ಗಾಳಿಯನ್ನು ತಡೆಯುವ ಒಳಗಿನ ರೆಪ್ಪೆಯೊಂದು ಪೂರ್ತಿ ಮುಚ್ಚಿಕೊಳ್ಳದೆ ತಣ್ಣನೆಯ ಗಾಳಿಗೆ ಬಿಸಿ ಬೆರೆಯುತ್ತಿತ್ತು. ಅಂದಿನಿಂದ ಭಾವನಿಗೆ ಗೇಜು ಕೆಳಗಿನ ಕೋರ್ಟು, ಅಕ್ಕ ಮೇಲಿನ ಕೋರ್ಟು.

ಸುತ್ತು ಯಾವಾಗಲೂ ಒಂದೇ. ಶೆಡ್ಡಿನ ಬೀದಿ ದಾಟಿ ಪೆಟ್ರೋಲ್ ಬಂಕು, ಅಲ್ಲಿಂದ ರೈಲು ಗೇಟು, ನೀರಿನ ಟ್ಯಾಂಕು ಬಳಸಿ ವಾಪಸ್ಸು. ಗೇಟು ಹಾಕಿದ್ದರೆ ಭಾವನಿಗೆ ಖುಷಿ. ಓಡುವ ಕಾರಿಗೆ ಎದುರು ಗಾಳಿಯ ಸಹಾಯ ಇರುತ್ತದೆ, ಬಿಸಿಲಿನಲ್ಲಿ ನಿಂತ ಕಾರಿನಲ್ಲೇ ಎಸಿಯ ಯೋಗ್ಯತೆ ಗೊತ್ತಾಗುವುದು. ಅಲ್ಲಿ ಅವರು ಕನ್ನಡಿಯಲ್ಲಿ ಅಕ್ಕನ ಮುಖ ನೋಡಿ "ಹ್ಞೂಂ?" ಅನ್ನುತ್ತಾರೆ. ಅಕ್ಕ ಆತುರಪಡುವವಳಲ್ಲ. ಬಿಸಿಲು ಬೀಳುವ ಕಿಟಕಿಯ ಕಡೆ ಸರಿದು ಕೂತು, ಕತ್ತಿನ ಹಿಂದೆ ಕೈಯಿಟ್ಟು ನೋಡಿ, ಆಮೇಲೆ "ಇನ್ನೂ ಇಲ್ಲ" ಅನ್ನುತ್ತಾಳೆ, ಇಲ್ಲವೇ "ಸಾಕು" ಅನ್ನುತ್ತಾಳೆ. "ಇನ್ನೂ ಇಲ್ಲ" ಅಂದರೆ ಭಾವ ತುಟಿ ಪಿಟಕ್ಕೆನ್ನದೆ ಕಾರನ್ನು ಮತ್ತೆ ಬಿಚ್ಚುತ್ತಾರೆ. ಮನೆಗೆ ಯಾವ ಬಣ್ಣ ಹೊಡೆಸಬೇಕು ಅನ್ನುವುದರಿಂದ ಹಿಡಿದು ಹಲ್ಲು ಕೀಳಿಸಬೇಕೋ ಬೇಡವೋ ಅನ್ನುವವರೆಗೆ ಬೇರೆ ಯಾವ ವಿಷಯದಲ್ಲೂ ಅಕ್ಕನ ಮಾತು ಅವರ ಕಿವಿಗೆ ಬಿದ್ದದ್ದನ್ನು ನಾನು ಕಂಡಿಲ್ಲ.

ಹೋದ ಚಳಿಗಾಲದಲ್ಲಿ ಅಕ್ಕ ಒಂದು ಸ್ವೆಟರ್ ಹಾಕಿಕೊಂಡಳು. ಬೇಸಿಗೆ ಬಂದರೂ ತೆಗೆಯಲಿಲ್ಲ. ಮೇಲೊಂದು ಶಾಲು ಬೇರೆ ಬಂತು. ಬೆಳಗ್ಗೆ ಹತ್ತು ಕವರ್ ಹೊಲಿಯುತ್ತಿದ್ದವಳು ಎರಡಕ್ಕೇ ಸುಸ್ತಾಗಿ ಗೋಡೆಗೆ ಒರಗುತ್ತಿದ್ದಳು. ಮುಖ ಊದಿಕೊಂಡಿತು, ದನಿ ಒರಟಾಯಿತು, ಬಾಚಣಿಗೆ ತುಂಬ ಕೂದಲು. ವಯಸ್ಸಾಯಿತು ಅಂದಳು ಅವಳು. ವಯಸ್ಸಾಯಿತು ಅಂದುಕೊಂಡೆವು ನಾವು. ನಾನಂತೂ ತಮಾಷೆ ಬೇರೆ ಮಾಡಿದೆ.

"ಭಾವ, ಅಕ್ಕನಿಗೇ ಗ್ಯಾಸ್ ಜಾಸ್ತಿ ತುಂಬಿಬಿಟ್ಟಿದ್ದೀರಿ ಅನ್ಸುತ್ತೆ."

"ನಿನ್ನ ತಗಡು ನೀನು ತಟ್ಟಯ್ಯ" ಅಂದರು ಭಾವ.

ಬೇಸಿಗೆ ಏರುತ್ತಿದ್ದ ಹಾಗೆ ಕಾರುಗಳು ಹಿಂದಿರುಗಿ ಬರತೊಡಗಿದವು. ಮೊದಲು ಒಬ್ಬ ಔಷಧಿ ಮಾರುವವನು ಬಂದ. ಆಮೇಲೆ ಒಬ್ಬ ಟೀಚರಮ್ಮ, ಆಮೇಲೆ ಟ್ಯಾಕ್ಸಿಯವರು ಒಬ್ಬರ ಹಿಂದೊಬ್ಬರು. ಎಲ್ಲರದೂ ಒಂದೇ ದೂರು, ಮುಂದೆ ಪರವಾಗಿಲ್ಲ, ಹಿಂದೆ ಸೆಕೆ. ಭಾವ ಹುಡುಕದ ಕಳ್ಳನಿಲ್ಲ. ಗ್ಯಾಸ್ ಕಲಬೆರಕೆ ಅಂತ ಮಾರುವವನ ಜತೆ ಜಗಳವಾಡಿ ಅಂಗಡಿ ಬದಲಾಯಿಸಿದರು. ಫಿಲ್ಟರ್ ನಕಲಿ ಅಂದರು. ಕಿಟಕಿಗೆ ಕಪ್ಪು ಹಾಳೆ ಅಂಟಿಸದಿರುವುದು ಗಿರಾಕಿಯ ತಪ್ಪು ಅಂದರು. ಕೊನೆಗೆ ಸೂರ್ಯನ ಮೇಲೂ ಹೋದರು, "ಈ ವರ್ಷದ ಬಿಸಿಲೇ ಸರಿಯಿಲ್ಲ."

ನನಗೆ ಗುಮಾನಿ ಬಂದದ್ದು ಆಗ. ಮೊದಲೆಲ್ಲ ನಾಲ್ಕು ಕಾರಿಗೆ ಒಂದಕ್ಕಾದರೂ ಅಕ್ಕ "ಇನ್ನೂ ಇಲ್ಲ" ಅನ್ನುತ್ತಿದ್ದಳು. ಆ ಒಂದು ಮಾತಿನಿಂದಲೇ ಭಾವ ಮತ್ತೆ ಬಿಚ್ಚಿ, ಗೇಜಿಗೆ ಸಿಗದ ಕೊನೆಯ ದೋಷವನ್ನು ಹಿಡಿಯುತ್ತಿದ್ದರು. ಈಗ ತಗಡಿನ ಗೋಡೆಯ ಆಚೆಯಿಂದ ಆ ಮಾತು ಕೇಳುವುದೇ ಅಪರೂಪವಾಗಿತ್ತು. ಸುತ್ತಿಗೆ ಹೋದ ಕಾರು ಹೋದ ಹಾಗೇ ಬಂದು ಗಿರಾಕಿಯ ಕೈ ಸೇರುತ್ತಿತ್ತು. ನಾನು ಪೇಟೆಗೆ ಹೋಗಿ, ಗಾಳಿ ಬರುವ ಕಿಂಡಿಗೆ ಚುಚ್ಚಿ ನೋಡುವ ಉದ್ದ ಕಡ್ಡಿಯ ಥರ್ಮಾಮೀಟರ್ ಒಂದನ್ನು ತಂದು ಭಾವನ ಕೈಗೆ ಕೊಟ್ಟೆ. ಅವತ್ತಿನ ಕಾರಿಗೇ ಚುಚ್ಚಿ ನೋಡಿದರು. ಚೆನ್ನಾಗಿ ತಣಿಯುವ ಕಾರಾದರೆ ಮುಳ್ಳು ಎಂಟು ಹತ್ತು ಡಿಗ್ರಿಯ ಹತ್ತಿರ ನಿಲ್ಲಬೇಕು. ಅದು ಹದಿನಾರಕ್ಕೆ ನಿಂತಿತು. ಅಕ್ಕ ಹಿಂದಿನಿಂದ "ಸಾಕು" ಅಂದಳು.

"ಇದು ಕೆಟ್ಟಿದೆ" ಅಂತ ಭಾವ ಥರ್ಮಾಮೀಟರನ್ನು ನನ್ನ ಮೇಲೇ ಎಸೆದರು.

"ಹೊಸದು ಭಾವ! ಪೊಟ್ಟಣ ಈಗ ಬಿಚ್ಚಿದ್ದು!"

"ಹೊಸದಾದ್ರೆ ಏನು? ಇವಳು ಇಷ್ಟು ವರ್ಷದಲ್ಲಿ ಒಂದು ಸಲವೂ ತಪ್ಪಿಲ್ಲ. ನಿನ್ನ ಕಡ್ಡಿ ನಿನ್ನೆ ಹುಟ್ಟಿದ್ದು."

ಅವರು ಹೀಗೆ ಹೇಳುವಾಗ ನಾನು ಅಕ್ಕನ ಮುಖ ನೋಡಿದೆ. ಗಂಡ ಹೊಗಳಿದ ಸಂತೋಷ ಅಲ್ಲಿರಲಿಲ್ಲ. ಶಾಲು ಎಳೆದುಕೊಂಡು ಹೋಗಿ ಹೊಲಿಗೆಗೆ ಕೂತಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಹೀಗೇ ನಡೆದರೆ ಒಂದೋ ಭಾವನ ಹೆಸರು ಹೋಗಬೇಕು, ಇಲ್ಲವೇ ಅಕ್ಕ ಆ ಸೀಟಿನಿಂದ ಇಳಿಯಬೇಕು. ಮೂರನೆಯ ದಾರಿ ನನಗೆ ಕಾಣಲಿಲ್ಲ. ಸಂಜೆ ಭಾವ ಇಲ್ಲದಾಗ ಅದನ್ನೇ ಅವಳಿಗೆ ಹೇಳಿದೆ.

"ಅಕ್ಕ, ನೀನು ಸ್ವಲ್ಪ ದಿನ ಮನೇಲಿ ಸುಮ್ನೆ ಮಲಗು. ಭಾವ ಕಡ್ಡಿ ಚುಚ್ಚಿ ನೋಡ್ಕೊಳ್ಳಲಿ."

"ನಿನಗೇನೋ ತೊಂದರೆ ನಾನು ಕಾರಲ್ಲಿ ಕೂತರೆ?" ಅಂದಳು. ಅಕ್ಕ ನನ್ನ ಮೇಲೆ ದನಿ ಎತ್ತಿದ್ದೇ ಕಡಿಮೆ. ಅವತ್ತು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು.

ಮಾರನೆಯ ವಾರ ಶಾಲಾ ವ್ಯಾನ್ ಓಡಿಸುವ ಹೆಂಗಸು ಬಂದರು. ಬಂದವರು ವ್ಯಾನಿನ ಬಾಗಿಲು ಹಾಕಿದ ರಭಸಕ್ಕೆ ನನ್ನ ಗೋಡೆಯ ತಗಡು ನಡುಗಿತು.

"ಹೋದ ವಾರ ತಾನೇ ನಿಮ್ಮ ಹತ್ರ ಮಾಡಿಸಿದ್ದು. ನಿನ್ನೆ ಹಿಂದಿನ ಸಾಲಲ್ಲಿ ಕೂತ ಎರಡು ಮಕ್ಕಳು ಸೆಕೆಗೆ ವಾಂತಿ ಮಾಡಿಕೊಂಡ್ವು. ಅವರ ಅಪ್ಪ ಅಮ್ಮಂದಿರ ಕೈಲಿ ಬೈಸ್ಕೊಂಡೋಳು ನಾನು. ಸರಿ ಮಾಡೋಕೆ ಬರುತ್ತೋ ಇಲ್ವೋ ಹೇಳಿಬಿಡಿ, ಬೇರೆ ಕಡೆ ಹೋಗ್ತೀನಿ. ಸ್ಟ್ಯಾಂಡಿನಲ್ಲಿರೋ ಎಲ್ಲ ವ್ಯಾನಿನವರಿಗೂ ಹೇಳೇ ಹೋಗ್ತೀನಿ."

ಭಾವ ತಿರುಗಿ ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ. ಮಕ್ಕಳ ಮಾತು ಬಂದದ್ದಕ್ಕೋ ಏನೋ, ಮುಖ ಬಾಡಿತ್ತು. ಬಾನೆಟ್ ಎತ್ತಿ ಮತ್ತೆ ಮೊದಲಿನಿಂದ ಎಲ್ಲ ನೋಡಿದರು. ಕಂಪ್ರೆಸರ್, ಬೆಲ್ಟು, ನೊರೆ, ಗೇಜು, ಎಲ್ಲ ಸರಿ. "ಬಾರೇ" ಅಂದರು. ಈ ಸಲ ನಾನು ಕೇಳದೆಯೇ ಹೋಗಿ ವ್ಯಾನಿನ ಹಿಂದಿನ ಸಾಲಿನಲ್ಲಿ ಅಕ್ಕನ ಪಕ್ಕ ಕೂತೆ. ಭಾವ ಕನ್ನಡಿಯಲ್ಲಿ ದುರುಗುಟ್ಟಿ ನೋಡಿದರೂ ಇಳಿ ಅನ್ನಲಿಲ್ಲ.

ರೈಲು ಗೇಟು ಹಾಕಿತ್ತು. ಗೂಡ್ಸ್ ರೈಲು, ಬೇಗ ಮುಗಿಯುವುದಲ್ಲ. ಎರಡು ನಿಮಿಷ ನಿಲ್ಲುವುದರೊಳಗೆ ನನ್ನ ಅಂಗಿ ಬೆನ್ನಿಗೆ ಅಂಟಿತು. ಕಿಂಡಿಯಿಂದ ಬರುತ್ತಿದ್ದದ್ದು ಗಾಳಿಯೋ, ಯಾರಾದರೂ ಬಿಡುತ್ತಿರುವ ಉಸಿರೋ ಅನ್ನುವ ಹಾಗಿತ್ತು. ಬೆವರು ಕಣ್ಣಿಗಿಳಿದು ಉರಿಯತೊಡಗಿತು. ಪಕ್ಕಕ್ಕೆ ತಿರುಗಿ ನೋಡಿದರೆ ಅಕ್ಕ ಕಿವಿಯವರೆಗೆ ಶಾಲು ಹೊದ್ದು, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಸ್ವಲ್ಪ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಆ ಮುಖ ನೋಡಿ ನನಗೆ ಹೆದರಿಕೆಯಾಯಿತು.

ಮುಂದಿನಿಂದ ಭಾವ "ಹ್ಞೂಂ?" ಅಂದರು.

ಅಕ್ಕ ಬೆಚ್ಚಿ ಎದ್ದಳು. "ಸಾಕು" ಅಂದಳು.

"ಭಾವ, ಇಲ್ಲಿ ಕೂತು ನೋಡಿ! ನಾನು ಬೆಂದು ಹೋಗ್ತಿದ್ದೀನಿ! ಅಕ್ಕ ಶಾಲು ಹೊದ್ದು ಮಲಗಿದ್ದಾಳೆ, ಕಣ್ಣು ಬಿಟ್ಟು ನೋಡಿ ಒಂದು ಸಲ!"

ಭಾವ ತಿರುಗಿ ಕೂತರು. ನನ್ನ ಹಣೆಯ ಬೆವರು ನೋಡಿದರು, ಅಕ್ಕನ ಶಾಲು ನೋಡಿದರು, ಮತ್ತೆ ನನ್ನನ್ನು ನೋಡಿದರು. ಎದ್ದು ಸೀಟುಗಳ ಸಂದಿಯಲ್ಲಿ ಬಗ್ಗಿ ಬಂದು ಅಕ್ಕನ ಮುಂಗೈ ಹಿಡಿದರು. ದಿನವಿಡೀ ತಣ್ಣನೆಯ ಪೈಪುಗಳನ್ನು ಮುಟ್ಟಿ ದೋಷ ಹೇಳುವ ಕೈ ಅದು. ಬಿಡಲಿಲ್ಲ. ಗೇಟು ತೆರೆದು, ಹಿಂದಿನ ಲಾರಿಯವನು ಹಾರ್ನ್ ಹೊಡೆದು, ನಮ್ಮನ್ನು ಬಳಸಿಕೊಂಡು ಬಯ್ಯುತ್ತ ಮುಂದೆ ಹೋದ ಮೇಲೂ ಬಿಡಲಿಲ್ಲ.

"ಎಷ್ಟು ದಿನದಿಂದ ಹೀಗಿದೆ ಇದು?" ಅಂತ ಕೇಳಿದರು.

"ಏನಿಲ್ಲ, ವ್ಯಾನ್ ಎಸಿ ತಣ್ಣಗಿದೆಯಲ್ಲ, ಅದಕ್ಕೆ" ಅಂದಳು ಅಕ್ಕ.

ದೀಪದ ಬುಡದಲ್ಲೇ ಕತ್ತಲು ಅನ್ನುತ್ತಾರೆ. ಊರಿನ ಕಾರುಗಳ ಸೋರಿಕೆಯನ್ನೆಲ್ಲ ನೊರೆ ಹಚ್ಚಿ ಹಿಡಿದ ಮನುಷ್ಯ, ಅಷ್ಟು ತಿಂಗಳು ತಪ್ಪು ಎಲ್ಲಿದೆ ಅಂತ ಗ್ಯಾಸಿನಲ್ಲಿ, ಫಿಲ್ಟರಿನಲ್ಲಿ, ಬಿಸಿಲಿನಲ್ಲಿ ಹುಡುಕಿದರು. ಹೆಂಡತಿಯ ಮೈಯಲ್ಲಿ ಹುಡುಕಲಿಲ್ಲ. ಗೋಡೆಯಾಚೆ ಕೂತು ಎಲ್ಲ ಗೊತ್ತು ಅಂದುಕೊಂಡ ನಾನೂ ಹುಡುಕಲಿಲ್ಲ.

ಮಾರನೆಯ ಬೆಳಗ್ಗೆ ಡಾಕ್ಟರಮ್ಮ ಅಕ್ಕನ ಕತ್ತು ಮುಟ್ಟಿ ನೋಡಿ, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಅಕ್ಕನನ್ನು ಮನೆಗೆ ಬಿಟ್ಟು ಬಂದ ಭಾವ, ನನ್ನ ಶೆಡ್ಡಿನ ಮೊಳೆಗೆ ನೇತುಹಾಕಿದ್ದ ಥರ್ಮಾಮೀಟರ್ ತೆಗೆದುಕೊಂಡು ವ್ಯಾನಿನ ಹಿಂದಿನ ಸಾಲಿಗೆ ಹೋದರು. ಅರ್ಧ ಗಂಟೆಯಲ್ಲಿ ದೋಷ ಸಿಕ್ಕಿತು. ಹಿಂದಿನ ಸಾಲಿಗೆ ಗಾಳಿ ದೂಡುವ ಬ್ಲೋಯರಿನ ಜಾಲರಿಗೆ ಮಕ್ಕಳು ಬಿಸಾಡಿದ ಮಿಠಾಯಿ ಕಾಗದಗಳೂ ಧೂಳೂ ಸೇರಿ ದಪ್ಪ ಕಂಬಳಿಯ ಹಾಗೆ ಕೂತಿದ್ದವು. ಎಳೆದು ತೆಗೆದ ಮೇಲೆ ಮುಳ್ಳು ಒಂಬತ್ತಕ್ಕೆ ಇಳಿಯಿತು. ವ್ಯಾನ್ ಓಡಿಸುವ ಹೆಂಗಸು ಬಂದು ಹಿಂದೆ ಕೂತು ನೋಡಿ, ಚಳಿಯಾಗುತ್ತಿದೆ ಅಂತ ನಕ್ಕರು. ಭಾವ ನಗಲಿಲ್ಲ. ಮೂಲೆಯಲ್ಲಿ ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು.

ಪರೀಕ್ಷೆಯ ಫಲಿತಾಂಶ ಬಂದ ದಿನ ನಾನೂ ಜತೆಗೆ ಹೋದೆ. ಥೈರಾಯ್ಡ್ ಗ್ರಂಥಿ ಕೆಲಸ ನಿಧಾನ ಮಾಡಿಬಿಟ್ಟಿದೆ ಅಂದರು ಡಾಕ್ಟರಮ್ಮ. ಚಳಿ, ಸುಸ್ತು, ನಿದ್ದೆ, ಕೂದಲು ಉದುರುವುದು, ಎಲ್ಲ ಅದರದ್ದೇ. ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ, ಕೆಲವು ವಾರಗಳಲ್ಲಿ ಸುಧಾರಿಸುತ್ತದೆ, ಮಾತ್ರೆ ಮಾತ್ರ ಬಿಡುವಂತಿಲ್ಲ.

ಭಾವ ಕುರ್ಚಿಯ ತುದಿಗೆ ಸರಿದು ಕೇಳಿದರು. "ಮೊದಲಿನ ಹಾಗೆ ಇವಳಿಗೆ ಸೆಕೆ ಆಗುತ್ತಾ ಡಾಕ್ಟ್ರೇ?"

ಹೆಂಡತಿಗೆ ಸೆಕೆಯಾಗಲಿ ಅಂತ ಹಾರೈಸಿದ ಗಂಡನನ್ನು ಡಾಕ್ಟರಮ್ಮ ಮೊದಲ ಸಲ ನೋಡಿರಬೇಕು. "ಆಗುತ್ತೆ" ಅಂದರು, ನಗು ತಡೆದುಕೊಂಡು. "ಯಾವಾಗಿಂದ ಹೀಗೆ ಚಳಿ?" ಅಂತ ಅಕ್ಕನನ್ನು ಕೇಳಿದರು.

"ಹೋದ ಚಳಿಗಾಲದಿಂದ" ಅಂದಳು ಅಕ್ಕ, ತಲೆ ತಗ್ಗಿಸಿ.

ಮನೆಗೆ ಹೊರಟೆವು. ಭಾವನ ಸ್ವಂತ ಕಾರು ಹಳೆಯದು, ಅದರ ಎಸಿ ಕೆಟ್ಟು ಯಾವ ಕಾಲವಾಯಿತೋ. ಕಿಟಕಿ ಇಳಿಸಿಕೊಂಡು ಭಾವ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ, ಅಕ್ಕ ಅಭ್ಯಾಸದಂತೆ ಹಿಂದೆ. ಪೆಟ್ರೋಲ್ ಬಂಕು ದಾಟಿದೆವು.

"ಹೋದ ಚಳಿಗಾಲದಿಂದ ನಿನಗೆ ಸೆಕೆನೇ ಗೊತ್ತಾಗ್ತಿರಲಿಲ್ಲ" ಅಂದರು ಭಾವ. ಬಯ್ಯುವ ದನಿಯಾಗಿರಲಿಲ್ಲ ಅದು. "ಮತ್ತೆ ಸಾಕು, ಸಾಕು ಅಂತಿದ್ದೆಯಲ್ಲ?"

"ನಿಮ್ಮ ಕತ್ತು ನೋಡಿ ಹೇಳ್ತಿದ್ದೆ" ಅಂದಳು ಅಕ್ಕ. "ಬೆವರು ಒರೆಸಿಕೊಂಡ್ರೆ ಇನ್ನೂ ಇಲ್ಲ ಅಂತಿದ್ದೆ. ಒರೆಸಿಕೊಳ್ಳದಿದ್ರೆ ಸಾಕು. ಆದ್ರೆ ಮುಂದೆ ಕೂತೋರಿಗೆ ಮೊದಲೇ ತಣ್ಣಗಾಗಿಬಿಡುತ್ತಲ್ಲ, ನೀವು ಒರೆಸಿಕೊಳ್ತಾನೇ ಇರಲಿಲ್ಲ. ಆ ಮಕ್ಕಳಿಗೆ ಹಾಗಾಗಿದ್ದು ನನ್ನಿಂದಲೇ."

"ನನಗೆ ಹೇಳೋದಕ್ಕೇನಾಗಿತ್ತು?"

"ಹೇಳಿದ್ರೆ ಇವನು ಮೊದಲೇ ಕಡ್ಡಿ ತಂದುಕೊಡ್ತಿದ್ದ. ನೀವು ನನ್ನ ಮನೇಲಿ ಕೂರಿಸ್ತಿದ್ರಿ."

"ಕೂತ್ರೆ ಏನು? ಸುಖವಾಗಿರು ಅಂತ ತಾನೇ?"

ಅಕ್ಕ ಕಿಟಕಿಯ ಕಡೆ ನೋಡುತ್ತ ಹೇಳಿದಳು.

"ಇಡೀ ದಿನದಲ್ಲಿ ಕೈಯಲ್ಲಿ ಸ್ಪ್ಯಾನರ್ ಇಲ್ಲದೆ ನೀವು ಇರೋದು ಆ ಒಂದು ಸುತ್ತಿನಲ್ಲಿ ಮಾತ್ರ. ನಾನು ಏನು ಹೇಳ್ತೀನಿ ಅಂತ ನೀವು ಕಾಯೋದೂ ಅಲ್ಲಿ ಮಾತ್ರ ರೀ. ಅದೂ ಹೋದ್ರೆ ನನಗೆ ಇನ್ನೇನಿತ್ತು?"

ಭಾವ ಇಂಡಿಕೇಟರ್ ಕೂಡ ಹಾಕದೆ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು. ಎಂಜಿನ್ ಆರಿಸಲಿಲ್ಲ. ಇಳಿದರು. ಬಾನೆಟ್ ನೋಡಲು ಹೋಗುತ್ತಾರೇನೋ ಅಂದುಕೊಂಡೆ. ಹಿಂದಿನ ಬಾಗಿಲು ತೆಗೆದು ಒಳಗೆ ಬಂದು ಅಕ್ಕನ ಪಕ್ಕ ಕೂತರು. ಮದುವೆಯಾಗಿ ಇಷ್ಟು ವರ್ಷವಾದರೂ ಕಾರಿನಲ್ಲಿ ಅವರಿಬ್ಬರು ಒಂದೇ ಸೀಟಿನಲ್ಲಿ ಕೂತದ್ದನ್ನು ನಾನು ಕಂಡಿರಲಿಲ್ಲ. ಕೂತ ಮೇಲೆ ಏನು ಮಾಡಬೇಕು ಅಂತ ಭಾವನಿಗೂ ತಿಳಿದ ಹಾಗೆ ಕಾಣಲಿಲ್ಲ. ಕೈಗಳನ್ನು ಮೊಣಕಾಲಿನ ಮೇಲಿಟ್ಟುಕೊಂಡು, ಟ್ಯಾಕ್ಸಿ ಹಿಡಿದ ಗಿರಾಕಿಯ ಹಾಗೆ ನೆಟ್ಟಗೆ ಕೂತಿದ್ದರು. ಕಣ್ಣು ಒದ್ದೆಯಾಗಿತ್ತು.

ಹಿಂದಿನಿಂದ ಹಾರ್ನ್ ಶುರುವಾಯಿತು. ನಾನು ಗೇರಿನ ಮೇಲಿಂದ ಕಾಲು ದಾಟಿಸಿ ಸ್ಟೀರಿಂಗಿನ ಮುಂದೆ ಸರಿದು ಕೂತೆ. ಮನೆಗೆ ಎಡಕ್ಕೆ ತಿರುಗಬೇಕು, ನೆಟ್ಟಗೆ ಹೋದರೆ ರೈಲು ಗೇಟು.

"ಮನೆಗೇ ತಾನೇ ಭಾವ?" ಅಂದೆ.

"ನನ್ನ ಕೇಳಬೇಡ" ಅಂದರು ಭಾವ. "ಅವಳು ಹೇಳಲಿ."

ಅಕ್ಕ ಹೊರಗೆ ನೋಡುತ್ತ ಯೋಚನೆ ಮಾಡಿದಳು. ಅವಳು ಆತುರಪಡುವವಳಲ್ಲ. ನಾವಿಬ್ಬರೂ ಕಾದೆವು.